ವಾಚ್ ತೋರಿಸುವ ಬಿ.ಪಿ. ನಂಬಿ ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ದುಬೈಯಲ್ಲಿರುವ ಮಗ ರಜೆಗೆ ಬಂದಾಗ ಬಿ.ಪಿ. ನೋಡುವ ವಾಚ್ ತಂದುಕೊಟ್ಟ. ಅದರಲ್ಲಿ ಯಾವಾಗ ನೋಡಿದರೂ 124/80ರ ಆಸುಪಾಸು. ಕುಟುಂಬಾರೋಗ್ಯ ಕೇಂದ್ರದಲ್ಲಿ ನೋಡಿದರೆ 150 ದಾಟುತ್ತದೆ. ಮಾತ್ರೆ ನಿಲ್ಲಿಸಬಹುದೇ? (ಬದಿಯಡ್ಕ ಕಡೆಯ ಓದುಗರು)

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ವಾಚ್ ಒತ್ತಡವನ್ನು ಅಳೆಯುತ್ತಿಲ್ಲ, ಅಂದಾಜು ಮಾಡುತ್ತಿದೆ.

ತೋಳಿಗೆ ಕಟ್ಟುವ ಪಟ್ಟಿ ಗಾಳಿ ತುಂಬಿಕೊಂಡು ರಕ್ತನಾಳವನ್ನು ಒತ್ತಿ ಹಿಡಿಯುತ್ತದೆ. ಗಾಳಿ ಇಳಿದಂತೆ ರಕ್ತ ಮತ್ತೆ ನುಗ್ಗುತ್ತದೆ. ಆ ಸದ್ದನ್ನು ಸ್ಟೆತಸ್ಕೋಪಿನಲ್ಲಿ ಕೇಳಿ ಬಿ.ಪಿ. ಹೇಳುವ ಕ್ರಮವನ್ನು ರಷ್ಯದ ವೈದ್ಯ ಕೊರೊಟ್ಕಾಫ್ 1905ರಲ್ಲಿ ತೋರಿಸಿಕೊಟ್ಟರು. ಈಗಿನ ಡಿಜಿಟಲ್ ಯಂತ್ರ ಸದ್ದಿನ ಬದಲು ಪಟ್ಟಿಯೊಳಗಿನ ಕಂಪನ ನೋಡುತ್ತದೆ, ಅಷ್ಟೇ ವ್ಯತ್ಯಾಸ.

ಸಾಮಾನ್ಯವಾಗಿ ವಾಚಿನಲ್ಲಿ ಒತ್ತುವುದೇ ಇಲ್ಲ. ಅದರ ಅಡಿಯ ಹಸಿರು ಬೆಳಕು, ಪ್ರತಿ ಬಡಿತಕ್ಕೆ ಚರ್ಮದಡಿಯ ರಕ್ತ ಹೇಗೆ ಏರಿಳಿಯುತ್ತದೆ ಎಂದು ಗಮನಿಸುತ್ತದೆ. ಕೆಲವು ಸಾಧನಗಳು ಇಸಿಜಿಯನ್ನೂ ಸೇರಿಸಿಕೊಂಡು, ಹೃದಯ ಬಡಿದ ಮೇಲೆ ನಾಡಿಯ ಅಲೆ ಮಣಿಕಟ್ಟು ಮುಟ್ಟಲು ಹಿಡಿದ ಹೊತ್ತನ್ನು ಲೆಕ್ಕ ಹಾಕುತ್ತವೆ. ಒತ್ತಡ ಏರಿದರೆ ನಾಳ ಬಿಗಿಯುತ್ತದೆ, ಬಿಗಿದ ನಾಳದಲ್ಲಿ ಅಲೆ ಬೇಗ ಓಡುತ್ತದೆ. ತತ್ತ್ವವೇನೋ ಸರಿ. ಆದರೆ ನಾಳ ವಯಸ್ಸಿನಿಂದಲೂ ಬಿಗಿಯುತ್ತದೆ, ಚಳಿಗೆ ಕಿರಿದಾಗುತ್ತದೆ, ಕೈಯ ಎತ್ತರ ಬದಲಾದರೂ ಲೆಕ್ಕ ತಪ್ಪುತ್ತದೆ. ತೋಟದ ಸ್ಪ್ರಿಂಕ್ಲರ್ ಪೈಪಿನ ಮೇಲೆ ಕೈಯಿಟ್ಟು ಒಳಗಿನ ಒತ್ತಡ ಹೇಳಿದ ಹಾಗೆ: ಏರಿತೋ ಇಳಿಯಿತೋ ಗೊತ್ತಾದೀತು, ಎಷ್ಟೆಂದು ಗೊತ್ತಾಗದು.

ಆ ‘ಎಷ್ಟು’ ಎಂಬುದನ್ನು ವಾಚಿಗೆ ನಾವೇ ಹೇಳಿಕೊಡಬೇಕು. ಸ್ಯಾಮ್‌ಸಂಗ್ ವಾಚನ್ನೇ ನೋಡಿ: ಮೊದಲು ಪಟ್ಟಿಯ ಯಂತ್ರದಲ್ಲಿ ನೋಡಿದ ಅಂಕೆಯನ್ನು ಅದಕ್ಕೆ ಕೊಡಬೇಕು, 28 ದಿನಕ್ಕೊಮ್ಮೆ ಇದನ್ನು ಪುನಃ ಮಾಡಬೇಕು. ಮಗ ಹೊರಡುವ ಮುನ್ನ ಒಮ್ಮೆ ಮಾಡಿಕೊಟ್ಟು ಹೋಗಿದ್ದರೆ ಸಾಲದು. ನನಗೆ ಹೆಚ್ಚು ಹೆದರಿಕೆಯಿರುವುದು ಇಲ್ಲಿಯೇ. ಇಂಥ ವಾಚುಗಳು ಕೊಟ್ಟ ಅಂಕೆಯ ಸುತ್ತಮುತ್ತಲೇ ಸುತ್ತುವುದುಂಟು. ನಿಜವಾದ ಬಿ.ಪಿ. ಮೆಲ್ಲಗೆ ಏರುತ್ತಿದ್ದರೂ ಪರದೆಯ ಮೇಲೆ 124 ಹಾಗೆಯೇ ಇರಬಹುದು. ಇನ್ನು, ಏನನ್ನೂ ಕೇಳದೆ ಕಟ್ಟಿದ ಕೂಡಲೇ ಬಿ.ಪಿ. ತೋರಿಸುವ ಅಗ್ಗದ ವಾಚುಗಳ ಅಂಕೆಯನ್ನು ಗಣನೆಗೇ ತೆಗೆದುಕೊಳ್ಳಬೇಡಿ.

ಗಾಳಿ ತುಂಬುವ ಪಟ್ಟಿಯಿಲ್ಲದ ಸಾಧನಗಳನ್ನು ಬಿ.ಪಿ. ಪತ್ತೆಗಾಗಲೀ ಚಿಕಿತ್ಸೆಗಾಗಲೀ ಬಳಸಬಾರದೆಂದು ಯುರೋಪಿನ ರಕ್ತದೊತ್ತಡ ತಜ್ಞರ ಸಂಘ 2022ರಲ್ಲಿ ಹೇಳಿತು. 2025ರಲ್ಲಿ ಬಂದ ಆಪಲ್ ವಾಚಿನ ಸೌಲಭ್ಯವೂ ಅಂಕೆ ಕೊಡುವುದಿಲ್ಲ. 30 ದಿನಗಳ ನಾಡಿ ನೋಡಿ, ಬಿ.ಪಿ. ಇರಬಹುದು, ಪರೀಕ್ಷಿಸಿಕೊಳ್ಳಿ ಎಂದಷ್ಟೇ ಎಚ್ಚರಿಸುತ್ತದೆ. ಇದು ಪ್ರಾಮಾಣಿಕ ದಾರಿ ಎಂದು ನನಗನ್ನಿಸುತ್ತದೆ.

ಹಾಗೆಂದು ಕೇಂದ್ರದ 150 ಕೂಡ ಕೊನೆಯ ಮಾತಲ್ಲ. ಗುಡ್ಡ ಹತ್ತಿಳಿದು, ಬಸ್ಸಿನಲ್ಲಿ ನಿಂತು ಬಂದವರಿಗೆ, ಬಿಳಿ ಕೋಟು ಕಂಡರೆ ಎದೆ ಹೊಡೆದುಕೊಳ್ಳುವವರಿಗೆ ಅಂಕೆ ಏರುತ್ತದೆ. ಸಂಶಯ ಬಗೆಹರಿಯಬೇಕಾದರೆ ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರವನ್ನು, ನಿಮ್ಮ ತೋಳಿನ ಸುತ್ತಳತೆಗೆ ಹೊಂದುವ ಪಟ್ಟಿಯೊಂದಿಗೆ, ಮನೆಗೆ ತನ್ನಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಮಾತಾಡದೆ ನೋಡಿ. ಕಾಫಿ ಕುಡಿದು ಅಥವಾ ಹೊಗೆಸೊಪ್ಪು ಹಾಕಿ ಅರ್ಧ ಗಂಟೆಯಾದರೂ ಕಳೆದಿರಲಿ. ಒಂದು ವಾರ ಬೆಳಿಗ್ಗೆ ಸಂಜೆ ಎರಡೆರಡು ಸಲ ನೋಡಿ ಬರೆದಿಡಿ. ಮನೆಯಲ್ಲಿ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಅದು ಹೆಚ್ಚೇ. ಕಡಿಮೆಯಿದ್ದರೂ ಅದು ಮಾತ್ರೆಯ ಫಲವಿರಬಹುದು, ಆದ್ದರಿಂದ ಪ್ರಮಾಣ ಇಳಿಸುವುದನ್ನು ವೈದ್ಯರೇ ತೀರ್ಮಾನಿಸಲಿ.

ನಮ್ಮ ಕಡೆ ತಪಾಸಣೆಗೆ ಮಂಗಳೂರು, ಮಾತ್ರೆಗೆ ಊರಿನ ಕೇಂದ್ರ ಎಂದು ನಡೆಸುವವರು ಬಹಳ. ಒಬ್ಬ ವೈದ್ಯರ ಚೀಟಿ ಇನ್ನೊಬ್ಬರ ಕೈಗೆ ಸಿಗುವುದಿಲ್ಲ. ಬಿ.ಪಿ. ಬರೆದಿಟ್ಟ ಪುಸ್ತಕವನ್ನು ಎರಡೂ ಕಡೆಗೆ ಒಯ್ಯಿರಿ, ಯಂತ್ರವನ್ನೂ ಒಮ್ಮೆ ಒಯ್ದು ಅಲ್ಲಿಯದರೊಂದಿಗೆ ತಾಳೆ ನೋಡಿಸಿ. ಎದೆನೋವು, ಉಸಿರುಕಟ್ಟುವಿಕೆ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ಮಾತ್ರ ವಾಚನ್ನೂ ಯಂತ್ರವನ್ನೂ ನೋಡುತ್ತ ಕೂರದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೊರಡಿ.