‘ಮುಟ್ಟುವೇದನ’ ಯಾವ ನೋವು? ಗಡಿಯ ಓಪಿಯಲ್ಲಿ ವೈದ್ಯರ ಮಾತಿನ ಪಾಠ

ಮಲಯಾಳಂನಲ್ಲಿ ‘ಮುಟ್ಟ್’ ಅಂದರೆ ಮೊಣಕಾಲು. ಕನ್ನಡದ ‘ಮುಟ್ಟು’ ಏನೆಂದು ಹೇಳಬೇಕಿಲ್ಲ. ತೆಂಕಣ ಕೇರಳದಿಂದ ಕಾಸರಗೋಡು ಜಿಲ್ಲೆಯ ಮಂಜೇಶ್ವರಕ್ಕೆ ವರ್ಗವಾಗಿ ಬಂದ ವೈದ್ಯರು ಓಪಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಅರವತ್ತು ದಾಟಿದ ಅಜ್ಜಿಯನ್ನು ‘ಮುಟ್ಟುವೇದನ ಉಂಡೋ?’ ಎಂದು ಕೇಳಿದರೆ ಅವರು ಸೆರಗು ಸರಿಮಾಡಿಕೊಂಡು ‘ಇಲ್ಲಪ್ಪ’ ಎನ್ನುತ್ತಾರೆ. ಮೊಣಕಾಲಿನ ವಿಚಾರ ಅಲ್ಲಿಗೇ ನಿಂತಿತು. ಮಂಗಳೂರಿನ ವಾರ್ಡಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ: ತುಳುವಿನ ‘ಬಂಜಿ ಬೇನೆ’ ಬರೀ ಹೊಟ್ಟೆನೋವು, ಆದರೆ ಘಟ್ಟದ ಮೇಲಿನಿಂದ ಬಂದ ವಿದ್ಯಾರ್ಥಿಗೆ ಅದು ‘ಬಂಜೆ’ ಎಂದು ಕೇಳಿಸುತ್ತದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು, 1967ರಲ್ಲಿ ಗಡಿ ವಿವಾದದ ಮಹಾಜನ ವರದಿ ಬಂತು, 1984ರಲ್ಲಿ ಜಿಲ್ಲೆಯಾಯಿತು. ಕಾಯಿಲೆಯವರ ಬಸ್ಸು ಮಾತ್ರ ಅಂದಿನಿಂದ ಇಂದಿನವರೆಗೂ ಮಂಗಳೂರಿಗೇ. 2020ರ ಕೊರೊನಾ ಕಾಲದಲ್ಲಿ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಇದು ಹೊರಗಿನವರಿಗೂ ತಿಳಿಯಿತು. ಕನ್ನಡದಲ್ಲಿ ಸರ್ಕಾರದೊಡನೆ ಪತ್ರವ್ಯವಹಾರ ಮಾಡುವ ಹಕ್ಕು ಕೇರಳದ 1969ರ ಭಾಷಾ ಕಾನೂನಿನಲ್ಲೇ ಇದೆ. ಓಪಿಯಲ್ಲಿ ಯಾರೂ ಅರ್ಜಿ ಬರೆದು ನೋವು ಹೇಳುವುದಿಲ್ಲವಷ್ಟೆ.

ವೈದ್ಯರಿಗೆ ಮಾತು ಕಲಿಸುವ ವಿದ್ಯೆ ಬೆಳೆದದ್ದು ಬೇರೆ ಕಡೆ. 1978ರಲ್ಲಿ ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು ಒಂದು ಸರಳ ಸಲಹೆ ಕೊಟ್ಟರು: ರೋಗದ ಬಗ್ಗೆ ರೋಗಿಯ ತಿಳಿವಳಿಕೆ ಏನೆಂದು ಅವನನ್ನೇ ಕೇಳಿ. ಆಮೇಲೆ ಆ ವಿದ್ಯೆ ‘ಇಂಥ ಜನ ಇಂಥದ್ದನ್ನು ತಿನ್ನುವುದಿಲ್ಲ, ಇಂಥದ್ದನ್ನು ನಂಬುತ್ತಾರೆ’ ಎಂಬ ಪಟ್ಟಿಗಳ ಕಡೆ ವಾಲಿತು. 1998ರಲ್ಲಿ ಅಮೆರಿಕದ ವೈದ್ಯೆಯರಾದ ಮೆಲಾನಿ ಟರ್ವಲಾನ್, ಜ್ಯಾನ್ ಮರ್ರೆ-ಗಾರ್ಸಿಯಾ ಇದನ್ನು ತಿದ್ದಲು ಹೊರಟರು: ಪರರ ಸಂಸ್ಕೃತಿಯನ್ನು ಅರೆದು ಕುಡಿದೆವೆಂಬ ಭಾವ ಬಿಟ್ಟು, ಗೊತ್ತಿಲ್ಲವೆಂದು ಒಪ್ಪಿಕೊಂಡು ಕೇಳುವ ಅಭ್ಯಾಸ ಬೆಳೆಯಬೇಕು ಎಂದರು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ‘ಏಟ್‌ಕಾಮ್’ ಪುಸ್ತಿಕೆ ತಂದು, 2019ರ ಎಂಬಿಬಿಎಸ್ ತಂಡದಿಂದ ವರ್ತನೆ, ನೀತಿ, ಸಂವಹನವನ್ನು ಪಾಠವಾಗಿಸಿತು. ಒಟ್ಟು 27 ಮಾಡ್ಯೂಲ್.

ಪಠ್ಯ ಚೆನ್ನಾಗಿಯೇ ಇದೆ. ಇಬ್ಬರು ವಿದ್ಯಾರ್ಥಿಗಳು ರೋಗಿ-ವೈದ್ಯರಾಗಿ ಇಂಗ್ಲಿಷಿನಲ್ಲಿ ಅಭಿನಯಿಸಿದರೆ ಎಲ್ಲ ಸಲೀಸು. ಪರದಾಟ ಶುರುವಾಗುವುದು ವಾರ್ಡಿನಲ್ಲಿ. ಅಲ್ಲಿ ದುಭಾಷಿ ಬೇಕು, ಆ ಕೆಲಸಕ್ಕೆ ಸಿಗುವುದು ಆಯಾ ಅಥವಾ ಶಾಲೆಗೆ ಹೋಗುವ ಮಗ. ತಾಯಿಯ ಬಿಳಿಸೆರಗಿನ ವಿಷಯವನ್ನು ಹನ್ನೆರಡರ ಹುಡುಗನ ಬಾಯಲ್ಲಿ ಹೇಳಿಸಿದರೆ ಅದು ‘ಸುಸ್ತು’ ಎಂದಾಗಿ ಬರುತ್ತದೆ, ಗುಳಿಗೆಯೂ ಸುಸ್ತಿನದ್ದೇ. ಆದ್ದರಿಂದ ಮೊದಲ ನಿಯಮ, ಮಕ್ಕಳು ದುಭಾಷಿಗಳಲ್ಲ. ಕುರ್ಚಿಗಳನ್ನು ತ್ರಿಕೋನದಲ್ಲಿಟ್ಟು, ದುಭಾಷಿಯನ್ನಲ್ಲ, ರೋಗಿಯನ್ನು ನೋಡಿ ಮಾತಾಡಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ. ರೋಗಿ ಎರಡು ನಿಮಿಷ ಹೇಳಿದ್ದನ್ನು ದುಭಾಷಿ ‘ಏನೂ ಇಲ್ಲವಂತೆ’ ಎಂದು ಮುಗಿಸಿದರೆ, ಅಲ್ಲಿಯೇ ತಡೆದು ಪೂರ್ತಿ ಹೇಳಿಸಬೇಕು.

ಕ್ಲೈನ್‌ಮನ್‌ನ ಪ್ರಶ್ನೆಗಳೂ ಪುಸ್ತಕದಲ್ಲಿದ್ದ ಹಾಗೆ ನಡೆಯುವುದಿಲ್ಲ. ‘ನಿಮ್ಮ ರೋಗಕ್ಕೆ ಕಾರಣ ಏನೆಂದು ಭಾವಿಸುತ್ತೀರಿ?’ ಎಂದರೆ ‘ಅದು ಡಾಕ್ಟ್ರಿಗಲ್ವಾ ಗೊತ್ತು’ ಎಂಬ ಉತ್ತರ ಸಿದ್ಧ. ‘ಇದು ಯಾವ ಸೀಕು ಅಂತ ಮನೆಯಲ್ಲಿ ಹೇಳ್ತಾರೆ?’ ಎಂದರೆ ಉಷ್ಣ, ಗಾಳಿ ಸೋಂಕು, ಸರ್ಪಸುತ್ತು ಎಲ್ಲ ಹೊರಬರುತ್ತವೆ. ‘ನಾಟಿ ಮದ್ದು ಮಾಡಿದ್ದೀರಾ?’ ಎಂಬುದು ಗದರಿಸಿದಂತೆ ಕೇಳಿಸುತ್ತದೆ. ‘ಇಲ್ಲಿಗೆ ಬರುವ ಮೊದಲು ಯಾವ ಮದ್ದು ಕೊಟ್ಟಿರಿ?’ ಎಂದರೆ ಕಷಾಯದಿಂದ ಹಿಡಿದು ಮೆಡಿಕಲ್‌ನ ಗುಳಿಗೆವರೆಗೆ ಹೇಳುತ್ತಾರೆ. ಹೊಲಿಗೆ ಹಾಕಿಸಿಕೊಂಡವರು ‘ನಂಜು’ ಎಂದು ಮೀನು, ಮೊಟ್ಟೆ ಬಿಡುತ್ತಾರೆ. ‘ಏನು ಬೇಕಾದರೂ ತಿನ್ನಿ’ ಎಂದ ವೈದ್ಯರಿಗೆ ನಂಜು ಗೊತ್ತಿಲ್ಲವೆಂದಷ್ಟೇ ಮನೆಯವರು ತಿಳಿಯುತ್ತಾರೆ. ಬಿಟ್ಟದ್ದು ಯಾವುದೆಂದು ಕೇಳಿ, ಹೆಸರುಕಾಳಿನಂಥದ್ದನ್ನು ಹೆಚ್ಚಿಸಲು ಹೇಳಿದರೆ ಗಾಯಕ್ಕೆ ಬೇಕಾದ ಪ್ರೋಟೀನ್ ಸಿಗುತ್ತದೆ.

ರಂಜಾನಿನ ಉಪವಾಸದ ವಿಷಯಕ್ಕೆ ಇನ್ನೂ ಜಾಗ್ರತೆ ಬೇಕು. ಸಕ್ಕರೆ ಕಾಯಿಲೆಯವರಿಗೆ ಉಪವಾಸ ಬೇಡವೆಂದರೆ ತಲೆಯಾಡಿಸಿ ಹೋಗಿ ಉಪವಾಸ ಹಿಡಿಯುವವರಿದ್ದಾರೆ. ಸಕ್ಕರೆ ಇಳಿಸುವ ಬೆಳಗಿನ ಗ್ಲಿಮೆಪಿರೈಡ್ ಗುಳಿಗೆಯನ್ನು ಸಹರಿಗೆ (ನಸುಕಿನ ಊಟಕ್ಕೆ) ನುಂಗಿದರೆ ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ಕುಸಿದು ಬೆವರಿ ಬೀಳಬಹುದು. ಹಾಗಾಗಿ 6ರಿಂದ 8 ವಾರ ಮೊದಲೇ ಕರೆಸಿ, ಅಪಾಯ ಎಷ್ಟೆಂದು ನೋಡಿ, ಉಪವಾಸ ಹಿಡಿಯುವವರಿಗೆ ಆ ಗುಳಿಗೆಯನ್ನು ಸಂಜೆ ಉಪವಾಸ ಬಿಡುವ ಇಫ್ತಾರಿಗೆ ಬದಲಿಸಬೇಕು. ಸಕ್ಕರೆ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಉಪವಾಸ ಬಿಡಬೇಕೆಂಬುದನ್ನು ಮನೆಯವರೆದುರು ಹೇಳಬೇಕು.

ಕೊನೆಗೆ ‘ಅರ್ಥವಾಯಿತಾ?’ ಎಂದು ಕೇಳುವುದು ದಂಡ, ಹೌದು ಎನ್ನದವರಿಲ್ಲ. ‘ಮನೆಗೆ ಹೋಗಿ ಸೊಸೆಗೆ ಹೇಗೆ ಹೇಳ್ತೀರಿ?’ ಎಂದು ಕೇಳಿ, ಹೇಳಿಸಿ, ತಪ್ಪಿದ ಕಡೆ ಮತ್ತೆ ವಿವರಿಸಿದರೆ ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆ. ನೂರು ಚೀಟಿಯ ಓಪಿಯಲ್ಲಿ ಆ ಎರಡು ನಿಮಿಷ ಎಲ್ಲಿಂದ ತರಬೇಕೆಂಬುದಕ್ಕೆ ಯಾವ ಪುಸ್ತಿಕೆಯಲ್ಲೂ ಉತ್ತರವಿಲ್ಲ. ಮಂಗಳೂರಿನಿಂದ ಬಿಡುಗಡೆಯಾಗಿ ತಲಪಾಡಿ ದಾಟುವ ರೋಗಿಯ ಕೈಯಲ್ಲಿರುವುದು ಇಂಗ್ಲಿಷಿನ ಸಮರಿ, ಗುಳಿಗೆಗಳ ಮುಂದೆ ‘1-0-1’, ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅದನ್ನು ಓದಿ ಹೇಳುವ ಕೆಲಸ ಹಲವು ಸಲ ಊರಿನ ಆಶಾ ಕಾರ್ಯಕರ್ತೆಯ ಪಾಲಿಗೆ ಬರುತ್ತದೆ. 27 ಮಾಡ್ಯೂಲ್ ಇರುವುದು ಎಂಬಿಬಿಎಸ್‌ನವರಿಗೆ.