ಸಂಶೋಧನಾ ಪ್ರಬಂಧದ ಮೇಲೆ ಹೆಸರು ಯಾರದ್ದು?

2015ರ ಮೇ ತಿಂಗಳಲ್ಲಿ 'ಫಿಸಿಕಲ್ ರಿವ್ಯೂ ಲೆಟರ್ಸ್' ಎಂಬ ಭೌತಶಾಸ್ತ್ರದ ಪತ್ರಿಕೆ 33 ಪುಟಗಳ ಒಂದು ಪ್ರಬಂಧ ಪ್ರಕಟಿಸಿತು. ಹಿಗ್ಸ್ ಬೋಸಾನ್ ಕಣದ ದ್ರವ್ಯರಾಶಿಯನ್ನು ಅದುವರೆಗಿನ ಅಳತೆಗಳಿಗಿಂತ ನಿಖರವಾಗಿ ಹೇಳಿದ ಪ್ರಬಂಧ ಅದು. ಹೇಳಬೇಕಾದ ವಿಜ್ಞಾನವೆಲ್ಲ ಒಂಬತ್ತು ಪುಟಗಳಲ್ಲಿ ಮುಗಿದಿತ್ತು. ಉಳಿದ 24 ಪುಟಗಳಲ್ಲಿದ್ದದ್ದು ಲೇಖಕರ ಮತ್ತು ಅವರ ಸಂಸ್ಥೆಗಳ ಪಟ್ಟಿ. ಒಟ್ಟು 5,154 ಲೇಖಕರು.

ಅಷ್ಟು ಜನ ಸೇರಿ ಒಂಬತ್ತು ಪುಟ ಬರೆದಿರಲು ಸಾಧ್ಯವಿಲ್ಲ. ಪ್ರಬಂಧ ಬಂದದ್ದು ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳಿಂದ. ಅವುಗಳಲ್ಲಿ ಯಂತ್ರ ಕಟ್ಟಿದವರು, ಅದನ್ನು ನಡೆಸಿದವರು, ದತ್ತಾಂಶ ಜಾಲಾಡಲು ಸಾಫ್ಟ್‌ವೇರ್ ಬರೆದವರು ಎಲ್ಲರೂ ಲೇಖಕರೇ. ಹೆಸರುಗಳು ಅಕ್ಷರಾನುಕ್ರಮದಲ್ಲಿ ಬರುತ್ತವೆ. ಅಲ್ಲಿ ಮೊದಲ ಹೆಸರಿಗೆ ವಿಶೇಷ ಅರ್ಥವಿಲ್ಲ. ವೈದ್ಯಕೀಯದಲ್ಲಿ ಹಾಗಲ್ಲ: ಮೊದಲ ಹೆಸರು ಹೆಚ್ಚು ದುಡಿದವರದ್ದು, ಕೊನೆಯದ್ದು ಸಾಮಾನ್ಯವಾಗಿ ಲ್ಯಾಬಿನ ಮುಖ್ಯಸ್ಥರದ್ದು. ಗಣಿತದವರು, ಅರ್ಥಶಾಸ್ತ್ರಜ್ಞರು ಹೆಚ್ಚಾಗಿ ಅಕ್ಷರಾನುಕ್ರಮವನ್ನೇ ಹಿಡಿದಿದ್ದಾರೆ. ಹೀಗೆ 'ಲೇಖಕ' ಎಂಬ ಒಂದೇ ಪದ ಒಂದೊಂದು ಶಾಸ್ತ್ರದಲ್ಲಿ ಒಂದೊಂದು ಅರ್ಥ ಹೊತ್ತು ನಿಂತಿದೆ. ಈ ಗೊಂದಲ ಹುಟ್ಟಿದ್ದು ಎಲ್ಲಿಂದ ಎಂದು ನೋಡಲು ಮೂರೂವರೆ ಶತಮಾನ ಹಿಂದಕ್ಕೆ ಹೋಗಬೇಕು.

1665ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ 'ಜುರ್ನಾಲ್ ದೆ ಸಾವಾಂ', ಮಾರ್ಚ್‌ನಲ್ಲಿ ಲಂಡನ್‌ನಲ್ಲಿ 'ಫಿಲಾಸಾಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ವಿದ್ವತ್ ಪತ್ರಿಕೆಗಳು ಹೊರಬಂದವು. ಲಂಡನ್ ಪತ್ರಿಕೆಯನ್ನು ನಡೆಸಿದವರು ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್. ಕಂಡುಹಿಡಿದದ್ದನ್ನು ಬಚ್ಚಿಡದೆ ಹೊರಗೆ ಹೇಳಿದರೆ, ಅದನ್ನು ಮೊದಲು ಕಂಡವರು ಇವರು ಎಂಬ ದಾಖಲೆ ಸಿಗುತ್ತದೆ ಎಂಬುದು ಆಗಿನ ಒಪ್ಪಂದ. ಹೆಸರು ಕೀರ್ತಿಯ ಗುರುತೂ ಹೌದು. ಹೇಳಿದ್ದು ತಪ್ಪಾದರೆ ಯಾರನ್ನು ಕೇಳಬೇಕು ಎಂಬ ವಿಳಾಸವೂ ಹೌದು. ಒಬ್ಬರೇ ಬರೆಯುತ್ತಿದ್ದ ಕಾಲದಲ್ಲಿ ಈ ಎರಡೂ ಒಬ್ಬರಲ್ಲೇ ಇರುತ್ತಿದ್ದವು.

ಆದರೆ ಒಬ್ಬರೇ ಬರೆದರೆಂದರೆ ಒಬ್ಬರೇ ಮಾಡಿದರೆಂದಲ್ಲ. ಅದೇ ಕಾಲದ ವಿಜ್ಞಾನಿ ರಾಬರ್ಟ್ ಬಾಯ್ಲ್ ಅವರ ಪ್ರಯೋಗಶಾಲೆಯಲ್ಲಿ ಹಲವು ಸಹಾಯಕರಿದ್ದರು. ಗಾಳಿಪಂಪು ಕಟ್ಟಿಕೊಟ್ಟ ರಾಬರ್ಟ್ ಹುಕ್ ಮುಂದೆ ತಾವೇ ದೊಡ್ಡ ವಿಜ್ಞಾನಿಯಾದರು. ಮಿಕ್ಕ ಬಹುತೇಕರ ಹೆಸರು ಚರಿತ್ರೆಯಲ್ಲಿ ಉಳಿಯಲೇ ಇಲ್ಲ. ಪಂಪು ಒತ್ತಿದ, ಅಳತೆ ಬರೆದಿಟ್ಟ ಕೈಗಳು ಲೆಕ್ಕಕ್ಕೆ ಬಾರದೆ ಹೋಗುವುದು ಈ ಪದ್ಧತಿಯ ಹುಟ್ಟಿನೊಂದಿಗೇ ಬಂದ ದೋಷ.

ದೊಡ್ಡ ಮನಸ್ಸಿನ ನಿದರ್ಶನಗಳೂ ಇವೆ. 1924ರಲ್ಲಿ ಸತ್ಯೇಂದ್ರನಾಥ ಬೋಸ್ ತಮ್ಮ ಪ್ರಬಂಧವನ್ನು ಐನ್‌ಸ್ಟೈನ್ ಅವರಿಗೆ ಕಳಿಸಿದಾಗ, ಐನ್‌ಸ್ಟೈನ್ ತಾವೇ ಅದನ್ನು ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕೊಟ್ಟರು. ಲೇಖಕರ ಜಾಗದಲ್ಲಿ ಬೋಸ್ ಹೆಸರೊಂದೇ ಇತ್ತು. ಇದಕ್ಕೆ ವಿರುದ್ಧವಾದದ್ದು 1948ರಲ್ಲಿ ನಡೆಯಿತು. ವಿಶ್ವದ ಆರಂಭದಲ್ಲಿ ಮೂಲಧಾತುಗಳು ಹುಟ್ಟಿದ ಬಗೆಯನ್ನು ಕುರಿತ ಪ್ರಬಂಧಕ್ಕೆ ಆಧಾರ, ಯುವಕ ರಾಲ್ಫ್ ಆಲ್ಫರ್ ಅವರ ಪಿಎಚ್‌ಡಿ ಕೆಲಸ. ಮಾರ್ಗದರ್ಶಕ ಜಾರ್ಜ್ ಗ್ಯಾಮೊ ಆ ಕೆಲಸದಲ್ಲಿ ಭಾಗವಹಿಸದ ಹಾನ್ಸ್ ಬೇಥೆ ಅವರ ಹೆಸರನ್ನು ನಡುವೆ ಸೇರಿಸಿದರು. ಆಲ್ಫರ್, ಬೇಥೆ, ಗ್ಯಾಮೊ ಎಂದು ಓದಿದರೆ ಆಲ್ಫಾ, ಬೀಟಾ, ಗಾಮಾ ಎಂದು ಕೇಳಿಸಲಿ ಎಂಬ ಆಸೆಗೆ. ಇಬ್ಬರು ಘಟಾನುಘಟಿಗಳ ನೆರಳಿನಲ್ಲಿ ತನ್ನ ದುಡಿಮೆ ಮಸುಕಾಯಿತೆಂಬ ನೋವು ಆಲ್ಫರ್ ಅವರನ್ನು ಬಹುಕಾಲ ಬಿಡಲಿಲ್ಲ. ಆ ನೋವು ನ್ಯಾಯವಾದದ್ದೇ ಎಂದು ನಾನು ಭಾವಿಸುತ್ತೇನೆ.

ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಹೆಸರು ವಿವಿಯನ್ ಥಾಮಸ್. ಬಡಗಿ ಕೆಲಸ ಬಲ್ಲ ಈ ಕಪ್ಪು ವರ್ಣೀಯ ತರುಣ ವೈದ್ಯನಾಗಲು ಕೂಡಿಟ್ಟ ಹಣ ಆರ್ಥಿಕ ಮಹಾಕುಸಿತದಲ್ಲಿ ಮುಳುಗಿತು. 1930ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಶಸ್ತ್ರಚಿಕಿತ್ಸಕ ಆಲ್ಫ್ರೆಡ್ ಬ್ಲಾಲಾಕ್ ಅವರ ಲ್ಯಾಬ್ ಸೇರಿದರು. 1941ರಲ್ಲಿ ಅವರೊಂದಿಗೇ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ಗೆ ಬಂದರು. ಹುಟ್ಟಿನಿಂದಲೇ ಹೃದಯದ ದೋಷವಿದ್ದು, ಶ್ವಾಸಕೋಶಕ್ಕೆ ಸಾಕಷ್ಟು ರಕ್ತ ಹೋಗದೆ ಮೈ ನೀಲಿಗಟ್ಟುವ ಮಕ್ಕಳನ್ನು ಉಳಿಸುವ ದಾರಿ ಹುಡುಕಬೇಕಿತ್ತು. ಶ್ವಾಸಕೋಶಕ್ಕೆ ರಕ್ತ ಹೆಚ್ಚಿಸಬೇಕೆಂದು ಸೂಚಿಸಿದವರು ಮಕ್ಕಳ ಹೃದಯ ತಜ್ಞೆ ಹೆಲೆನ್ ಟಾಸಿಗ್. ತೋಳಿಗೆ ಹೋಗುವ ಅಪಧಮನಿಯನ್ನು ಶ್ವಾಸಕೋಶದ ಅಪಧಮನಿಗೆ ಹೊಲಿಯುವ ವಿಧಾನವನ್ನು ನಾಯಿಗಳ ಮೇಲೆ ಮಾಡಿ ಮಾಡಿ ಪಳಗಿಸಿದವರು, ಅದಕ್ಕೆ ಬೇಕಾದ ಸೂಜಿಗಳನ್ನು ಸಿದ್ಧಪಡಿಸಿದವರು ಥಾಮಸ್. 1944ರ ನವೆಂಬರ್ 29ರಂದು ಪುಟ್ಟ ಹೆಣ್ಣುಮಗುವೊಂದರ ಮೇಲೆ ಮೊದಲ ಶಸ್ತ್ರಚಿಕಿತ್ಸೆ ನಡೆದಾಗ ಬ್ಲಾಲಾಕ್ ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ಹೊಲಿಗೆ ಹೇಗೆ ಹಾಕಬೇಕೆಂದು ಹೇಳಿಕೊಟ್ಟವರೂ ಅವರೇ. ಮರುವರ್ಷ ಪ್ರಕಟವಾದ ಪ್ರಬಂಧದ ಲೇಖಕರು ಇಬ್ಬರು: ಬ್ಲಾಲಾಕ್ ಮತ್ತು ಟಾಸಿಗ್.

ಕೆಲಸ ಮಾಡಿದವರ ಹೆಸರು ಬಿಟ್ಟುಹೋಗುವುದು ಒಂದು ಕಡೆ. ಕೆಲಸ ಮಾಡದವರ ಹೆಸರು ಸೇರುವುದು ಇನ್ನೊಂದು ಕಡೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೌಕರಿ, ಬಡ್ತಿ, ಅನುದಾನ ಎಲ್ಲವೂ ಪ್ರಬಂಧಗಳ ಎಣಿಕೆಗೆ ಗಂಟುಬಿದ್ದ ಮೇಲೆ ಇದು ಹೆಚ್ಚಿತು. 1981ರಲ್ಲಿ ಹಾರ್ವರ್ಡ್‌ನ ಹೃದ್ರೋಗ ಸಂಶೋಧಕ ಜಾನ್ ಡಾರ್ಸಿ ಇಲ್ಲದ ದತ್ತಾಂಶ ಕಟ್ಟಿ ಬರೆದದ್ದು ಸಿಕ್ಕಿಬಿತ್ತು. ಆಗ ಎದ್ದ ಪ್ರಶ್ನೆ ಡಾರ್ಸಿ ಒಬ್ಬರದ್ದಲ್ಲ: ಜೊತೆಗೆ ಹೆಸರು ಹಾಕಿಸಿಕೊಂಡವರು ಓದಿದ್ದರೇ? ಸಹಲೇಖಕರ ಹೊಣೆಯನ್ನು ಪರಿಶೀಲಿಸಿದ ಒಂದು ಲೇಖನ ಮಾನನಷ್ಟ ಮೊಕದ್ದಮೆಯ ಭಯದಿಂದ ವರ್ಷಗಟ್ಟಲೆ ತಡವಾಗಿ 1987ರಲ್ಲಷ್ಟೇ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು.

1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ್ದ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಗುಂಪು 1985ರಲ್ಲಿ ಲೇಖಕ ಯಾರೆಂಬುದಕ್ಕೆ ನಿಯಮ ಹೇಳಿತು. ಕೆಲಸದ ಯೋಜನೆಯಲ್ಲಿ ಇಲ್ಲವೇ ವಿಶ್ಲೇಷಣೆಯಲ್ಲಿ ಪಾಲಿರಬೇಕು, ಬರೆದಿರಬೇಕು ಅಥವಾ ಗಂಭೀರವಾಗಿ ತಿದ್ದಿರಬೇಕು, ಕೊನೆಯ ರೂಪಕ್ಕೆ ಒಪ್ಪಿರಬೇಕು. ಹಣ ತಂದುಕೊಟ್ಟರೆ, ವಿಭಾಗದ ಮುಖ್ಯಸ್ಥರಾಗಿದ್ದರೆ ಅಷ್ಟರಿಂದಲೇ ಲೇಖಕರಾಗುವುದಿಲ್ಲ. 2013ರಲ್ಲಿ ಇನ್ನೊಂದು ಷರತ್ತು ಬಂತು: ಕೆಲಸದ ಪ್ರತಿ ಭಾಗಕ್ಕೂ ಉತ್ತರ ಹೇಳಲು ಸಿದ್ಧರಿರಬೇಕು. ಎಂಜಿನಿಯರಿಂಗ್‌ನಲ್ಲಿ ಪ್ರಬಂಧದ ಪಕ್ಕದಲ್ಲೇ ಪೇಟೆಂಟ್ ಇರುತ್ತದೆ. ಅಲ್ಲಿ ಕಾನೂನು ಇನ್ನೂ ಬಿಗಿ: ಅಮೆರಿಕದಂಥ ದೇಶಗಳಲ್ಲಿ ಆವಿಷ್ಕಾರಕರ ಹೆಸರು ತಪ್ಪಿದ್ದು, ಅದನ್ನು ಸರಿಪಡಿಸದಿದ್ದರೆ ಪೇಟೆಂಟೇ ಬಿದ್ದುಹೋಗಬಹುದು.

ನಿಯಮವಿದ್ದರೂ ಔಷಧ ಲೋಕ ತಿದ್ದಿಕೊಳ್ಳಲಿಲ್ಲ. ಹೃದಯಾಘಾತದ ಅಪಾಯದಿಂದಾಗಿ 2004ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದ ರೋಫೆಕಾಕ್ಸಿಬ್ ಎಂಬ ನೋವುನಿವಾರಕದ ಮೊಕದ್ದಮೆಗಳಲ್ಲಿ ಹೊರಬಿದ್ದ ಕಾಗದಪತ್ರಗಳನ್ನು 2008ರಲ್ಲಿ 'ಜಾಮಾ' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಪರಿಶೀಲಿಸಿತು. ಕಂಪನಿಯ ನೌಕರರು, ಬಾಡಿಗೆ ಬರಹಗಾರರು ಸಿದ್ಧಪಡಿಸಿದ ಪ್ರಬಂಧಗಳಿಗೆ ವಿಶ್ವವಿದ್ಯಾಲಯದ ತಜ್ಞರ ಹೆಸರು ಮೊದಲಿಗೆ ಕೂರಿಸಿದ್ದು ಅಲ್ಲಿ ಕಂಡಿತು. ಅಂಥ ಪ್ರಬಂಧ ನಂಬಿ ಚೀಟಿ ಬರೆಯುವ ವೈದ್ಯರು, ಆ ಗುಳಿಗೆ ನುಂಗುವ ರೋಗಿಗಳು ಇದ್ದಾರೆ. ಹಾಗಾಗಿಯೇ ಇದನ್ನು ವಿದ್ವಾಂಸರ ಒಳಜಗಳವೆಂದು ಬಿಡಲು ನನಗೆ ಮನಸ್ಸಾಗುವುದಿಲ್ಲ.

1997ರಲ್ಲಿ 'ಜಾಮಾ'ದ ಸಂಪಾದಕರಲ್ಲೊಬ್ಬರಾದ ಡ್ರಮ್ಮಂಡ್ ರೆನಿ ಮತ್ತು ಸಂಗಡಿಗರು ಬೇರೆಯೇ ದಾರಿ ಸೂಚಿಸಿದರು. 'ಲೇಖಕ' ಪದವನ್ನೇ ಬಿಡೋಣ, ಸಿನಿಮಾದ ಕೊನೆಯಲ್ಲಿ ಬರುವಂತೆ ಯಾರು ಏನು ಮಾಡಿದರೆಂದು ಬರೆಯೋಣ. 2014ರ ಹೊತ್ತಿಗೆ ಅದು 'ಕ್ರೆಡಿಟ್' ಎಂಬ 14 ಪಾತ್ರಗಳ ಪಟ್ಟಿಯಾಯಿತು: ಪರಿಕಲ್ಪನೆ, ವಿಧಾನ, ಪ್ರಯೋಗ, ಸಾಫ್ಟ್‌ವೇರ್, ಮೊದಲ ಕರಡು, ಹೀಗೆ. 2023ರ ಆರಂಭದಲ್ಲಿ ಕೆಲವು ಪ್ರಬಂಧಗಳ ಮೇಲೆ ಚಾಟ್‌ಜಿಪಿಟಿಯ ಹೆಸರು ಕಾಣಿಸಿಕೊಂಡಾಗ 'ನೇಚರ್', 'ಸೈನ್ಸ್' ಪತ್ರಿಕೆಗಳು ಅದು ಲೇಖಕನಾಗಲಾರದು ಎಂದವು. 'ನೇಚರ್' ಕೊಟ್ಟ ಕಾರಣ ನೇರವಾಗಿತ್ತು: ಬರೆದದ್ದಕ್ಕೆ ಹೊಣೆ ಹೊರಲು ಅದಕ್ಕೆ ಆಗದು.

ಥಾಮಸ್ ಅವರಿಗೆ 1976ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಗೌರವ ಡಾಕ್ಟರೇಟ್ ಕೊಟ್ಟಿತು. ಆ ಶಸ್ತ್ರಚಿಕಿತ್ಸೆಯನ್ನು ಈಗ ಹಲವು ವೈದ್ಯರು ಬ್ಲಾಲಾಕ್–ಥಾಮಸ್–ಟಾಸಿಗ್ ಷಂಟ್ (ರಕ್ತಕ್ಕೆ ಮಾಡಿಕೊಟ್ಟ ಬದಲಿ ದಾರಿ) ಎಂದು ಕರೆಯುತ್ತಾರೆ. 1945ರ ಆ ಪ್ರಬಂಧವನ್ನು ಗ್ರಂಥಾಲಯದಿಂದ ತೆಗೆದು ನೋಡಿದರೆ ಮಾತ್ರ ಮೇಲ್ಗಡೆ ಇಂದಿಗೂ ಎರಡೇ ಹೆಸರು.