ಊರ ಹೆಸರು ಬದಲಾಗುತ್ತದೆ ಎಂಬ ಸುದ್ದಿಯ ಹಿಂದೆ

ಕಾಸರಗೋಡಿನಲ್ಲಿ ಒಂದು ಸುದ್ದಿ ನಿಜವೋ ಸುಳ್ಳೋ ಎಂದು ಕೇಳುವ ಮೊದಲು ಅದು ಯಾವ ಭಾಷೆಯಲ್ಲಿ ಬಂತು ಎಂದು ಕೇಳಬೇಕು.

1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಹೋಯಿತು, 1967ರಲ್ಲಿ ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ್ದ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು, ವರದಿ ಅಲ್ಲೇ ಉಳಿಯಿತು, 1984ರಲ್ಲಿ ಜಿಲ್ಲೆಯಾಯಿತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾಯ್ದೆ ಬಂದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿದರು. 2020ರ ಮಾರ್ಚ್‌ನಲ್ಲಿ ಕೊರೊನಾ ಹೆಸರಲ್ಲಿ ಗಡಿಯ ರಸ್ತೆಗಳಿಗೆ ಕರ್ನಾಟಕದವರು ಮಣ್ಣು ಸುರಿದಿದ್ದಾರೆ ಎಂದಾಗ ನಾನು ಸುಳ್ಳೇ ಇರಬೇಕು ಅಂದುಕೊಂಡೆ. ನಿಜವಾಗಿತ್ತು.

ಹೀಗಿರುವಾಗ 2021ರ ಜೂನ್‌ನಲ್ಲಿ, ಕೇರಳ ಸರ್ಕಾರ ಇಲ್ಲಿನ ಊರುಗಳ ಕನ್ನಡ ಹೆಸರು ಬದಲಿಸುತ್ತದೆ ಎಂಬ ಪಟ್ಟಿ ಬಂತು. ಮಧೂರು ಇನ್ನು ಮಧುರಂ, ಮಲ್ಲ ಮಲ್ಲಂ, ಕಾರಡ್ಕ ಕಡಗಂ, ಬೇಡಡ್ಕ ಬೇಡಗಂ, ಪಿಲಿಕುಂಜೆ ಪಿಲಿಕುನ್ನು, ಹೊಸದುರ್ಗ ಪುದಿಯಕೋಟ. ನೋಡಿದರೆ ಸರ್ಕಾರಿ ಪಟ್ಟಿಯ ಹಾಗೇ ಇತ್ತು. ಪತ್ರಿಕೆಗಳಲ್ಲಿ ಬಂತು, ಮೊಬೈಲಿಂದ ಮೊಬೈಲಿಗೆ ಹೋಯಿತು, ಬೆಂಗಳೂರಿನಿಂದ ಆಕ್ಷೇಪದ ಪತ್ರಗಳು ಹೊರಟವು. ಅಂಥ ಯಾವ ಯೋಚನೆಯೂ ಇಲ್ಲ ಎಂದು ಕೇರಳ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಹೇಳಿದರು. ಜಿಲ್ಲಾಡಳಿತವೂ ಅದನ್ನೇ ಹೇಳಿತು.

ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಆ ಹೆಸರುಗಳಲ್ಲಿ ಕೆಲವು ಮಲಯಾಳ ಮಾತಾಡುವವರ ಬಾಯಲ್ಲಿ ಮೊದಲೇ ಇದ್ದವು. ಮಂಜೇಶ್ವರ ಅವರಿಗೆ ಎಂದಿನಿಂದಲೂ ಮಂಜೇಶ್ವರಂ. ಪುದಿಯಕೋಟ ಅಂದರೂ ಹೊಸ ಕೋಟೆಯೇ. ಹೆಸರು ಬದಲಿಸುವ ಆದೇಶವಿಲ್ಲ ಎಂಬ ಮಾತು ಸರಿ. ಬೋರ್ಡಿನ ಮೇಲೆ ತಮ್ಮ ಊರು ಬೇರೆ ರೂಪದಲ್ಲಿ ಕಂಡಿದೆ ಎಂಬ ಜನರ ಮಾತೂ ಸರಿ. ಈ ಎರಡನ್ನೂ ಒಟ್ಟಿಗೆ ವಿವರಿಸಿದ ವರದಿ ನನ್ನ ಕಣ್ಣಿಗೆ ಬೀಳಲಿಲ್ಲ.

ಸುಳ್ಳು ಸುದ್ದಿ ಹರಡುವುದನ್ನು ತಡೆಯಲು, ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿಯನ್ನು ವಾಟ್ಸಾಪ್ 2018ರಲ್ಲೇ ಭಾರತದಲ್ಲಿ ಹಾಕಿತ್ತು. ಅದೇ ವರ್ಷ ಪಕ್ಕದ ಕಣ್ಣೂರಿನ ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸಂದೇಶ ಗುರುತಿಸುವುದನ್ನು ಮಕ್ಕಳಿಗೆ ಕಲಿಸಿದರು. ಒಳ್ಳೆಯ ಕೆಲಸ. ಆದರೆ ಇಲ್ಲಿ ತೊಡಕು ಬೇರೆ. ಗಾಬರಿಯ ಸುದ್ದಿ ಕನ್ನಡದಲ್ಲಿ ಬೇಗ ಬರುತ್ತದೆ, ಅದನ್ನು ತಿದ್ದುವ ಪ್ರಕಟಣೆ ಮಲಯಾಳದಲ್ಲಿ ನಿಧಾನಕ್ಕೆ ಬರುತ್ತದೆ.

ಪಟ್ಟಿ ಬಂದ ದಿನ ನಮ್ಮ ನೆರೆಮನೆಯ ಅಜ್ಜ ಊರ ಹೆಸರು ಹೇಗಿದೆ ನೋಡೋಣ ಅಂತ ತಮ್ಮ ರೇಷನ್ ಕಾರ್ಡ್ ತೆಗೆದರು. ಮಲಯಾಳದಲ್ಲಿತ್ತು. ಓದಿ ಹೇಳಲು ಮೊಮ್ಮಗಳನ್ನು ಕರೆದರು.